ಹಳೆಯ ಕಾರೂ ಹೊಸ ಬಣ್ಣವೂ

ಹೊಟೇಲೊಂದರ ಗಲ್ಲಾದಲ್ಲಿ ದುಡಿಯುವ ನಮ್ಮ ವಾಚಕ ಮಿತ್ರರೊಬ್ಬರು ಕಳೆದ ವಾರ ಕಚೇರಿಗೆ ಬಂದು ಒಂದು ಜಾಹೀರಾತಿನ ಪ್ರತಿಯನ್ನು ನಮ್ಮ ಮೇಜಿನ ಮೇಲಿರಿಸಿದರು. ಅಮೆರಿಕ ದೇಶದಲ್ಲಿ ಹಳೆಯ ಮೋಟಾರುಗಳನ್ನು ಮಾರುವ ವರ್ತಕನೊಬ್ಬನ ಜಾಹೀರಾತದು. 1965ರ ಫೋರ್ಡ್ ಮಸ್ಟಾಂಗ್ ಕಾರು. ಮೇಲ್ಛಾವಣಿಯನ್ನು ಹಿಂದಕ್ಕೆ ಮಡಚಿಟ್ಟು ಆಕಾಶವನ್ನು ಕಾಣುತ್ತ ಓಡಿಸಬಹುದಾದ ‘ಕನ್ವರ್ಟಿಬಲ್’ ಜಾತಿಯದು. ಕೆಂಪು ಮೈ, ಬಿಳಿಯ ಛಾವಣಿ. ಸಂಪೂರ್ಣ ಪುನರುದ್ಧಾರಗೊಂಡು ಮಾರಾಟಕ್ಕೆ ಸಿದ್ಧವಾಗಿದೆ ಎಂಬ ಒಕ್ಕಣೆ. ಮಿತ್ರರ ಪ್ರಶ್ನೆ ಸರಳವಾಗಿತ್ತು: “ಅರುವತ್ತು ವರ್ಷದ ಹಳೆಯ ಗಾಡಿಗೆ ಹೊಸ ಗಾಡಿಯ ಬೆಲೆ ಕೇಳುತ್ತಾರಲ್ಲ ಸ್ವಾಮಿ, ಇದು ನ್ಯಾಯವೇ?”

ಈ ಪ್ರಶ್ನೆಯನ್ನು ನಕ್ಕು ಕಳುಹಿಸುವುದು ಸುಲಭವಿತ್ತು. ಖೋಲಿಯ ಬಾಡಿಗೆಯನ್ನೂ ಊರಿಗೆ ಕಳುಹಿಸುವ ಹಣವನ್ನೂ ಕಳೆದು, ಉಳಿದ ಪಗಾರದಲ್ಲಿ ಲೋಕಲ್ ರೈಲಿನ ಪಾಸು ಕೊಳ್ಳುವ ನಮ್ಮ ಜನರಿಗೂ ಅಮೆರಿಕದ ಕಾರಿಗೂ ಎಲ್ಲಿಯ ನಂಟು ಎಂದು ಕೇಳಿ ಮುಗಿಸಬಹುದಿತ್ತು. ಆದರೆ ಆ ರಾತ್ರಿ ವಿಚಾರ ಮಾಡಿದಷ್ಟೂ ಪ್ರಶ್ನೆ ಕಾರಿನದಷ್ಟೇ ಅಲ್ಲವೆಂದು ನಮಗೆ ತೋರಿತು. ‘ಪುನರುದ್ಧಾರಗೊಂಡಿದೆ’ ಎಂಬ ಒಂದು ಶಬ್ದವನ್ನು ಯಾರು, ಯಾವ ಆಧಾರದ ಮೇಲೆ, ಎಷ್ಟು ಹಣಕ್ಕೆ ಮಾರಬಹುದು ಎಂಬುದೇ ಇಲ್ಲಿರುವ ಮುಖ್ಯ ವಿಷಯ. ಈ ಶಬ್ದಕ್ಕೆ ಬೆಲೆ ತೆತ್ತವರಲ್ಲಿ ನಾವೂ ಒಬ್ಬರಾದುದರಿಂದ ಇಂದು ಈ ಅಂಕಣವನ್ನು ಅದಕ್ಕಾಗಿ ಮೀಸಲಿಡುತ್ತಿದ್ದೇವೆ.

ಮೊದಲು ಕಾರಿನ ಕುಲಗೋತ್ರವನ್ನು ತಿಳಿಯೋಣ. ಮಸ್ಟಾಂಗ್ ಶ್ರೀಮಂತರಿಗಾಗಿ ಹುಟ್ಟಿದ ಗಾಡಿಯಲ್ಲ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಪ್ರದರ್ಶನದ ಆವರಣದಲ್ಲಿ ಅದು ಮೊದಲು ಜನರ ಕಣ್ಣಿಗೆ ಬಿದ್ದಿತು. ಛಾವಣಿಯುಳ್ಳ ಸಾಧಾರಣ ಮಾದರಿಗೆ 2,368 ಡಾಲರು, ಛಾವಣಿ ಮಡಚುವ ಮಾದರಿಗೆ 2,614 ಡಾಲರು ಮೂಲಬೆಲೆ. ಅದರ ಕೆಳಭಾಗದ ಬಹುತೇಕ ಅಂಗಾಂಗಗಳು ಫಾಲ್ಕನ್ ಎಂಬ ಅಗ್ಗದ ಸಂಸಾರವಂತರ ಕಾರಿನಿಂದ ಬಂದವು. ಮೇಲೆ ಚೆಲುವಾದ ಮೈ, ಕೆಳಗೆ ಬಡವರ ಮನೆಯ ಎಲುಬು! ಉದ್ಯೋಗಕ್ಕೆ ಹೊಸದಾಗಿ ಸೇರಿದ ತರುಣರು, ಶಿಕ್ಷಕಿಯರು, ಕಾರಕೂನರು ಕಂತಿನ ಮೇಲೆ ಕೊಂಡ ಗಾಡಿಯಿದು. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಎರಡು ವರ್ಷಗಳೊಳಗೆ, 1966ರ ಮಾರ್ಚಿನಲ್ಲಿ, ಹತ್ತು ಲಕ್ಷದ ಗಾಡಿ ಹೊರಬಂದಿತು. 1965ರ ಮಾದರಿಯೆಂದು ಲೆಕ್ಕಕ್ಕೆ ಬಂದವುಗಳಲ್ಲಿ ಛಾವಣಿ ಮಡಚುವಂಥವೇ ಒಂದು ಲಕ್ಷಕ್ಕೆ ಮೇಲ್ಪಟ್ಟಿದ್ದವು.

ಈ ಕಾರಿನ ಯೋಜನೆಗೆ ಬೆನ್ನೆಲುಬಾಗಿ ನಿಂತ ಅಧಿಕಾರಿ ಲೀ ಐಯಕೋಕಾ. ಇಟಲಿಯಿಂದ ವಲಸೆ ಬಂದ ಅವರ ತಂದೆ ಪೆನ್ಸಿಲ್ವೇನಿಯಾ ಪ್ರಾಂತದ ಅಲೆನ್‌ಟೌನ್ ಪಟ್ಟಣದಲ್ಲಿ ಹಾಟ್‌ಡಾಗ್ ಮಾರುವ ಉಪಾಹಾರಗೃಹವನ್ನು ನಡೆಸಿದವರು. ಊರು ಬಿಟ್ಟು ಬಂದು ತಿಂಡಿಯ ಅಂಗಡಿಯಿಟ್ಟವನ ಮಗ, ದುಡಿಯುವವರಿಗೆ ಎಟುಕುವ ಸುಂದರವಾದ ಕಾರನ್ನು ಮಾಡಿಸಿದನೆಂಬ ಸಂಗತಿಯು ನಮ್ಮ ವಾಚಕರಿಗೆ ಅಪರಿಚಿತವಾಗಿ ಕೇಳಿಸಲಾರದು.

ಇನ್ನು ಬೆಲೆಯ ಮಾತು. ಆ ಕಾಲದ 2,614 ಡಾಲರಿಗೆ ಇದ್ದ ಕೊಳ್ಳುವ ಶಕ್ತಿಯನ್ನು ಇಂದಿನ ಹಣದಲ್ಲಿ ಎಣಿಸಿದರೆ ಸುಮಾರು ಹತ್ತು ಪಟ್ಟಾಗುತ್ತದೆ. ಅಂದರೆ 26,000 ಡಾಲರಿನ ಆಸುಪಾಸು. ಆದುದರಿಂದ ಹಳೆಯ ಗಾಡಿಗೆ ಹೊಸ ಗಾಡಿಯ ಬೆಲೆ ಕೇಳಿದೊಡನೆ ಅದು ಹಗಲುದರೋಡೆಯೆಂದು ಕೂಗುವುದು ಸಲ್ಲದು. ವರ್ತಕನು ಕೇಳುವ ಹಣದಲ್ಲಿ ಗಣನೀಯವಾದ ಅಂಶ ಹಣದ ಮೌಲ್ಯ ಇಳಿದುದರ ಫಲ. ಮಿಕ್ಕುದಾದರೋ ಬೇರೊಂದರ ಬೆಲೆ, ಮತ್ತು ಅದು ತಗಡಿನದಲ್ಲ. ಮಸ್ಟಾಂಗಿನ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ನೆಲದ ತಗಡು, ಬಾಗಿಲು, ದೀಪದ ಗಾಜು, ಆಸನದ ಹೊದಿಕೆ ಎಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ. ದುಬಾರಿಯಾದುದು ಮನುಷ್ಯನ ಕೈ. ಇಂಥ ಗಾಡಿಯನ್ನು ಮೊಳೆಮೊಳೆಯಾಗಿ ಬಿಚ್ಚಿ, ತುಕ್ಕನ್ನು ಕಿತ್ತು, ಬೆಸೆದು, ತಿಕ್ಕಿ, ಬಣ್ಣವಿಟ್ಟು ಮರಳಿ ಜೋಡಿಸುವ ಕೆಲಸಕ್ಕೆ ಒಂದು ಸಾವಿರ ಗಂಟೆ ಹಿಡಿಯುವುದು ಅಪರೂಪವಲ್ಲ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ದುಡಿದರೆ ನೂರ ಇಪ್ಪತ್ತೈದು ದಿನಗಳಾದವು. ಅಮೆರಿಕದಲ್ಲಿ ನುರಿತ ಕೆಲಸಗಾರನ ಗಂಟೆಯ ಕೂಲಿ ಸಣ್ಣದಲ್ಲ.

ಇಲ್ಲಿಯೇ ನಮ್ಮ ವಾದದ ತಿರುಳಿದೆ. ಹಳೆಯ ಕಾರಿನ ಪುನರುದ್ಧಾರವನ್ನು ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಮಾಡಿಸಿದರೆ, ಆದ ವೆಚ್ಚವು ಆ ಕಾರು ಪೇಟೆಯಲ್ಲಿ ತರುವ ಬೆಲೆಯನ್ನು ಮೀರುವುದೇ ಹೆಚ್ಚು. ಆ ಕಸುಬಿನವರೆಲ್ಲರೂ ಬಲ್ಲ ಮಾತಿದು. ತಾತನ ಗಾಡಿಯೆಂದು ಪ್ರೀತಿಯಿಂದ ಮಾಡಿಸಿದವನು ಆ ನಷ್ಟವನ್ನು ನುಂಗಿಕೊಳ್ಳುತ್ತಾನೆ; ಅವನ ಮಟ್ಟಿಗೆ ಅದು ನಷ್ಟವೇ ಅಲ್ಲ. ಆದರೆ ಲಾಭಕ್ಕೆಂದೇ ಕೊಂಡು, ಲಾಭಕ್ಕೆಂದೇ ಸಿಂಗರಿಸಿ, ಲಾಭಕ್ಕೆಂದೇ ಮಾರುವವನು ಆ ನಷ್ಟವನ್ನು ಎಲ್ಲಿ ತುಂಬಿಕೊಳ್ಳಬೇಕು? ಎರಡೇ ದಾರಿಗಳು: ಒಂದೋ ಕೊಳ್ಳುವವನ ಕಣ್ಣಿಗೆ ಬೀಳದ ಕಡೆ ಕೆಲಸವನ್ನು ಕದಿಯಬೇಕು, ಇಲ್ಲವೇ ಕೆಲಸ ಮಾಡಿದವನ ಕೂಲಿಯನ್ನು ಕದಿಯಬೇಕು. ಪ್ರಾಮಾಣಿಕರಾದ ವರ್ತಕರು ಇಲ್ಲವೆಂದು ನಾವು ಹೇಳುವುದಿಲ್ಲ. ಉತ್ತಮ ಸ್ಥಿತಿಯಲ್ಲಿರುವ ಗಾಡಿಯನ್ನೇ ಹುಡುಕಿ ಕೊಂಡು, ಬೇಕಾದಷ್ಟೇ ಕೆಲಸ ಮಾಡಿಸಿ, ಮಾಡಿದಷ್ಟನ್ನೇ ಹೇಳಿ ಮಾರುವವರಿದ್ದಾರೆ. ಆದರೆ ಅಂಥವರು ‘ಸಂಪೂರ್ಣ’ ಎಂಬ ವಿಶೇಷಣವನ್ನು ಅಷ್ಟು ಸುಲಭವಾಗಿ ಬಳಸುವುದಿಲ್ಲ.

ಕಣ್ಣಿಗೆ ಬೀಳದ ಕಡೆಗಳು ಯಾವುವು? ಛಾವಣಿಯಿಲ್ಲದ ಕಾರಿನ ವಿಷಯದಲ್ಲಿ ಇದನ್ನು ತಿಳಿಯುವುದು ಅತ್ಯವಶ್ಯ. ಮಸ್ಟಾಂಗಿಗೆ ಲಾರಿಗಳಿಗಿರುವಂತೆ ಕೆಳಗೆ ಪ್ರತ್ಯೇಕವಾದ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಮುಚ್ಚಿದ ಪೆಟ್ಟಿಗೆಗೆ ಇರುವ ಬಿಗುವು ಮುಚ್ಚಳ ತೆಗೆದ ಪೆಟ್ಟಿಗೆಗೆ ಇರುವುದಿಲ್ಲವಷ್ಟೆ. ಛಾವಣಿಯನ್ನು ತೆಗೆದಾಗ ಕಳೆದ ಬಲವನ್ನು ಮರಳಿ ಕೊಡುವುದಕ್ಕೆಂದು ಫೋರ್ಡ್ ಕಾರ್ಖಾನೆಯವರು ಬಾಗಿಲುಗಳ ಕೆಳಗಿರುವ ಉದ್ದನೆಯ ಪೆಟ್ಟಿಗೆಗಳನ್ನು, ಅಂದರೆ ಕೆಲಸಗಾರರು ರಾಕರ್ ಎಂದು ಕರೆಯುವ ಹೊಸ್ತಿಲುಗಳನ್ನು, ಒಳಗಿನಿಂದ ದಪ್ಪ ತಗಡಿನಲ್ಲಿ ಬಲಪಡಿಸಿದರು. ನೆಲದಡಿಗೂ ಹೆಚ್ಚಿನ ಆಧಾರಗಳನ್ನಿತ್ತರು. ಇಡೀ ಗಾಡಿಯ ಭಾರವನ್ನು ಹೊತ್ತುದು ಈ ಹೊಸ್ತಿಲು. ನೀರು ನಿಂತು ಮೊದಲು ತುಕ್ಕು ಹಿಡಿಯುವುದೂ ಈ ಹೊಸ್ತಿಲೇ.

ಇದನ್ನು ಬದಲಿಸುವಾಗ ಬಲ್ಲ ಕೆಲಸಗಾರನು ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಬೆಸೆದು, ಅಳತೆ ಹಿಡಿದು, ಆಮೇಲೆ ಹಳೆಯದನ್ನು ಕೊಯ್ಯುತ್ತಾನೆ. ಅವಸರದವನು ಆಧಾರ ಕೊಡದೆ ಕೊಯ್ದರೆ ಗಾಡಿಯು ನಡುವಿನಲ್ಲಿ ಕುಸಿಯುತ್ತದೆ. ಆ ಬಳಿಕ ಬಾಗಿಲುಗಳು ಎಂದೂ ನೆಟ್ಟಗೆ ಕೂಡುವುದಿಲ್ಲ. ಇನ್ನೂ ಅವಸರದವನು ಕೊಯ್ಯುವ ಗೋಜಿಗೇ ಹೋಗದೆ ಕೊಳೆತುದರ ಮೇಲೆ ಹೊಸ ತಗಡನ್ನು ಅಂಟಿಸಿ, ಸಂದಿಗೆ ಲಾಂಬಿ ತುಂಬಿ, ಬಣ್ಣ ಬಳಿಯುತ್ತಾನೆ. ಬಣ್ಣದ ಮೇಲೆ ಬೆಳಕು ಬಿದ್ದಾಗ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹೊಸ್ತಿಲಿನ ಉದ್ದಕ್ಕೆ ಜಾರಿಸಿದರೆ ಲಾಂಬಿಯಿರುವ ಕಡೆ ಅದು ಹಿಡಿಯದೆ ಬಿಡುತ್ತದೆ. ಛಾವಣಿಯನ್ನಿಳಿಸಿ, ಗಾಡಿಯ ಒಂದು ಮೂಲೆಯನ್ನು ಜ್ಯಾಕಿನಿಂದೆತ್ತಿ, ಬಾಗಿಲಿನ ಸಂದು ಮೇಲೆ ಕೆಳಗೆ ಹೆಚ್ಚು ಕಡಮೆಯಾಗುವುದೋ ಎಂದು ನೋಡಿದರೆ ಹೊಸ್ತಿಲಿನ ಗುಟ್ಟು ಬಯಲಾಗುತ್ತದೆ. ಕಾಸಿನ ಖರ್ಚಿಲ್ಲದ ಪರೀಕ್ಷೆಗಳಿವು.

ಮತ್ತೊಂದು ಕಡೆಯಿದೆ. ಮುಂದಿನ ಗಾಜಿನ ಬುಡದಲ್ಲಿ ಹೊರಗಿನ ಗಾಳಿಯನ್ನು ಒಳಕ್ಕೆ ತರುವ ಮುಚ್ಚಿದ ತೊಟ್ಟಿಯೊಂದಿದೆ. ಅದಕ್ಕೆ ಕೌಲ್ ಎಂದು ಹೆಸರು. ಮಳೆಯ ನೀರು ಅಲ್ಲಿ ಇಳಿದು ಪಕ್ಕದಿಂದ ಹೊರಗೆ ಹೋಗಬೇಕು. ಒಣಗಿದೆಲೆ, ಕಸ ಸೇರಿ ನೀರು ನಿಂತರೆ ಒಳಗಿನ ಗಾಳಿದ್ವಾರದ ಸುತ್ತ ತುಕ್ಕು ತಿಂದು, ನೀರು ಕುಳಿತವರ ಕಾಲ ಮೇಲೆ ಸುರಿಯುತ್ತದೆ. ನೆಲಹಾಸಿನ ಕೆಳಗೆ ಸೇರಿ ನೆಲವನ್ನೂ ತಿನ್ನುತ್ತದೆ. ಸರಿಪಡಿಸಲು ಬೇಕಾದ ತಗಡು ಅಗ್ಗ. ಆದರೆ ಆ ಸ್ಥಳವನ್ನು ಮುಟ್ಟಬೇಕಾದರೆ ಮೇಲಿನ ಹಲಗೆಯ ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಬಿಡಿಸಬೇಕು; ಮತ್ತೆ ಒಂದೊಂದಾಗಿ ಬೆಸೆಯಬೇಕು. ಆದುದರಿಂದ ಅನೇಕರು ಮೇಲಿನಿಂದ ಅಂಟು ಸುರಿದು ಸುಮ್ಮನಾಗುತ್ತಾರೆ. ಒಂದೆರಡು ಮಳೆಗಾಲಕ್ಕೆ ಸಾಕು; ಅಷ್ಟರಲ್ಲಿ ಗಾಡಿ ಕೈ ಬದಲಿಸಿರುತ್ತದೆ.

ಬ್ರೇಕಿನ ವಿಷಯವನ್ನೂ ಹೇಳಬೇಕು. 1965ರ ಮಸ್ಟಾಂಗಿನಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆ ಹೋಗುವುದು ಒಂದೇ ಕೊಠಡಿಯ ಸಿಲಿಂಡರಿನಿಂದ. ಎಲ್ಲಿಯಾದರೂ ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಹಿಡಿತ ತಪ್ಪುತ್ತದೆ. 1967ರ ಮಾದರಿಯಿಂದ ಎರಡು ಕೊಠಡಿಗಳು ಬಂದವು. ಹಳೆಯ ಗಾಡಿಗೆ ಎರಡು ಕೊಠಡಿಯದನ್ನು ಕೂಡಿಸುವುದು ತಪ್ಪಲ್ಲ, ವಿವೇಕವೇ ಸರಿ. ಆದರೆ ಹಾಗೆ ಬದಲಿಸಿದುದನ್ನು ಬರೆದು ತಿಳಿಸಬೇಕು. ತಿಳಿಸಿ ಮಾಡಿದ ಬದಲಾವಣೆ ಸುಧಾರಣೆ. ಮುಚ್ಚಿಟ್ಟು ಮಾಡಿದ ಬದಲಾವಣೆ ಮೋಸ. ಕೆಲಸ ಒಂದೇ, ಹೇಳುವ ಬಾಯಿ ಬೇರೆ.

ಇಷ್ಟೂ ಸಾಲದೆಂಬಂತೆ ಹುಟ್ಟನ್ನೇ ಬದಲಿಸುವವರೂ ಉಂಟು. ಅದಕ್ಕೆ ತಡೆಯಾಗಿರುವುದು ಗಾಡಿಯ ಸಂಖ್ಯೆ. ಮೊತ್ತಮೊದಲನೆಯ ಸಂಖ್ಯೆಯನ್ನು ಪಡೆದ ಮಸ್ಟಾಂಗೂ ಛಾವಣಿ ಮಡಚುವಂಥದೇ. ಪ್ರದರ್ಶನಕ್ಕೆಂದು ಕೆನಡಾ ದೇಶದ ಸೇಂಟ್ ಜಾನ್ಸ್ ಪಟ್ಟಣಕ್ಕೆ ಕಳುಹಿಸಿದ್ದ ಅದನ್ನು ಅಲ್ಲಿಯ ವರ್ತಕನು ತಿಳಿಯದೆ ವಿಮಾನಚಾಲಕರೊಬ್ಬರಿಗೆ ಮಾರಿಬಿಟ್ಟನು. ಫೋರ್ಡ್ ಸಂಸ್ಥೆಯವರು 1966ರಲ್ಲಿ ಹತ್ತು ಲಕ್ಷದ ಕಾರನ್ನು ಅವರಿಗೆ ಕೊಟ್ಟು ಮೊದಲನೆಯದನ್ನು ಮರಳಿ ಪಡೆದರು. ಅದೀಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸಂಖ್ಯೆ 5-ಎಫ್-08-ಎಫ್-100001. ಮೊದಲಿನ 5 ಎಂದರೆ 1965ರ ಮಾದರಿ, ಎಫ್ ಎಂದರೆ ಡಿಯರ್‌ಬಾರ್ನಿನ ಕಾರ್ಖಾನೆ, 08 ಎಂದರೆ ಛಾವಣಿ ಮಡಚುವ ಮೈ, ಮುಂದಿನ ಎಫ್ 260 ಘನ ಅಂಗುಲದ ವಿ-8 ಎಂಜಿನ್ನಿನ ಗುರುತು, ಉಳಿದುದು ಕ್ರಮಸಂಖ್ಯೆ. ಛಾವಣಿಯುಳ್ಳ ಸಾಧಾರಣ ಗಾಡಿಗಾದರೆ 08ರ ಸ್ಥಾನದಲ್ಲಿ 07 ಇರುತ್ತದೆ. ಹೀಗಾಗಿ 07ರ ಗಾಡಿಯ ತಲೆಯನ್ನು ಕೊಯ್ದು ಬಟ್ಟೆಯ ಛಾವಣಿ ಹೊದಿಸಿ ಕನ್ವರ್ಟಿಬಲ್ ಎಂದು ಮಾರಹೊರಟವನ ಬಣ್ಣವು ಎಂಜಿನ್ನಿನ ಪಕ್ಕದ ತಗಡಿನ ಮೇಲೆ ಕೊರೆದ ಎರಡು ಅಂಕೆಗಳಲ್ಲಿ ಬಯಲಾಗುತ್ತದೆ. ಅಂಥ ಗಾಡಿಗೆ ಬಲವಾದ ಹೊಸ್ತಿಲೂ ಇರುವುದಿಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿ ಮೋಸ ಹೋಗುವುದು ಹಣವೊಂದೇ ಅಲ್ಲ, ಪ್ರಾಣವೂ ಹೋದೀತು.

ಕಾರಿನಿಂದ ನಮ್ಮ ಕಸುಬಿಗೆ ಬರುತ್ತೇವೆ. ಪತ್ರಿಕೆಯ ಮೇಜಿಗೆ ಬರುವ ಮೊದಲು ನಾವು ಹೊಟೇಲು ನಡೆಸಿದವರೆಂಬುದನ್ನು ವಾಚಕರು ಬಲ್ಲರು. ಕೆಲವು ವರ್ಷಗಳ ಹಿಂದೆ ಉಪನಗರವೊಂದರಲ್ಲಿ ನಡೆಯುತ್ತಿದ್ದ ಹೊಟೇಲೊಂದನ್ನು ಒಬ್ಬರಿಂದ ವಹಿಸಿಕೊಂಡೆವು. ‘ಸಂಪೂರ್ಣ ನವೀಕೃತ’ ಎಂಬುದೇ ಆಗಲೂ ಕೇಳಿದ ಮಾತು. ಅಮೃತಶಿಲೆಯ ಮೇಜುಗಳು, ಹೊಸ ಕನ್ನಡಿಗಳು, ಅಡಿಗೆಮನೆಯ ಗೋಡೆಗೆ ಎದೆಯೆತ್ತರದ ಬಿಳಿಯ ಹೆಂಚುಬಿಲ್ಲೆಗಳು. ನಾವು ಮರುಳಾದೆವು. ಬಿಲ್ಲೆಯ ಹಿಂದೆ ಏನಿದೆಯೆಂದು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ. ಮೊದಲ ಮಳೆಗಾಲದಲ್ಲಿಯೇ ಗೋಡೆ ಒದ್ದೆಯಾಗಿ ಉಬ್ಬಿತು, ಬಿಲ್ಲೆಗಳು ಕಳಚಿ ಬಿದ್ದವು. ಒಳಗಿನ ಮೋರಿಯ ಕೊಳವೆ ವರ್ಷಗಳಿಂದ ಕೊಳೆತಿತ್ತು. ಹತ್ತೊಂಬತ್ತು ದಿನ ಹೊಟೇಲು ಮುಚ್ಚಿತು. ಹನ್ನೊಂದು ಮಂದಿ ಕೆಲಸಗಾರರಿಗೆ ಆ ದಿನಗಳ ಅರ್ಧ ಪಗಾರವನ್ನಷ್ಟೇ ಕೊಡಲು ನಾವು ಶಕ್ತರಾದೆವು. ಊರಿನಲ್ಲಿ ಮನಿಯಾರ್ಡರಿಗೆ ಕಾದ ಮನೆಗಳಿಗೆ ಅದರಿಂದಾದ ತೊಂದರೆಯ ಲೆಕ್ಕ ನಮ್ಮಲ್ಲಿಲ್ಲ. ಆ ಲಜ್ಜೆ ಮಾತ್ರ ಇಂದಿಗೂ ಇದೆ.

ಆ ಹೊಟೇಲಿನಲ್ಲಿ ನಮಗಿಂತ ಮುಂಚಿನಿಂದ ಪಾತ್ರೆ ತೊಳೆಯುತ್ತಿದ್ದ ವಯಸ್ಸಾದ ಕೆಲಸಗಾರರೊಬ್ಬರಿದ್ದರು. ಗೋಡೆ ಒಡೆದ ದಿನ ಅವರು ನಿಧಾನವಾಗಿ ಹೇಳಿದರು: “ಕೊಳವೆ ಹೋಗಿದೆಯೆಂದು ನನಗೆ ಗೊತ್ತಿತ್ತು ಧಣಿಗಳೇ. ಬಿಲ್ಲೆ ಹಾಕುವಾಗ ಗಾರೆಯವನಿಗೂ ಗೊತ್ತಿತ್ತು. ಕೊಳ್ಳುವಾಗ ನೀವು ಯಜಮಾನರ ಹತ್ತಿರ ಮಾತಾಡಿದಿರಿ. ನಮ್ಮನ್ನು ಯಾರು ಕೇಳಿದರು?” ಮಾರಿದವರ ಮೇಲಿದ್ದ ಸಿಟ್ಟು ಆ ಮಾತಿನಿಂದ ಅರ್ಧ ನಮ್ಮ ಕಡೆಗೇ ತಿರುಗಿತು. ನಿಜವನ್ನು ಬಲ್ಲವನು ಕೈಗೆಟುಕುವ ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದನು. ನಾವು ಅವನ ಮುಂದೆಯೇ ಹಾದುಹೋಗಿ ಕನ್ನಡಿಗಳನ್ನು ಎಣಿಸಿ ಬಂದೆವು.

ಇದರಿಂದ ನಮಗೆ ದೃಢವಾದ ಅಭಿಪ್ರಾಯವಿದು: ಪುನರುದ್ಧಾರಗೊಂಡಿದೆಯೆಂದು ಮಾರುವ ಯಾವ ವಸ್ತುವಿನೊಂದಿಗೂ ಕೆಲಸದ ಪುಸ್ತಕವೊಂದು ಬರಬೇಕು. ಯಾವ ಭಾಗವನ್ನು ಬಿಚ್ಚಿದರು, ಏನನ್ನು ಕೊಯ್ದರು, ಏನನ್ನು ಉಳಿಸಿದರು, ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ಹೊಸದಾಗಿ ಕೂಡಿಸಿದ್ದು, ಬಣ್ಣ ಬೀಳುವ ಮೊದಲು ತಗಡು ಹೇಗಿತ್ತು ಎಂಬುದಕ್ಕೆ ಛಾಯಾಚಿತ್ರ ಸಹಿತವಾದ ಲೆಕ್ಕವಿರಬೇಕು. ಒಳ್ಳೆಯ ಕೆಲಸಗಾರರು ಇಂಥ ಲೆಕ್ಕವನ್ನು ತಾವಾಗಿಯೇ ಇಡುತ್ತಾರೆ. ಬಲ್ಲ ಗಿರಾಕಿಗಳು ಬಣ್ಣಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ಇದಕ್ಕೆ ನಾವು ಸೇರಿಸಬಯಸುವುದು ಒಂದೇ ಸಂಗತಿ. ಆ ಪುಸ್ತಕದಲ್ಲಿ ಕೆಲಸ ಮಾಡಿದವರ ಹೆಸರುಗಳೂ ಇರಬೇಕು. ಬೆಸುಗೆ ಹಾಕಿದವರಾರು, ಛಾವಣಿಯ ಬಟ್ಟೆ ಹೊಲಿದವರಾರು, ಎಂಜಿನ್ ಕಟ್ಟಿದವರಾರು. ಜಾಹೀರಾತಿನಲ್ಲಿ ಕಾರ್ಖಾನೆಯ ಹೆಸರಿದೆ, ವರ್ತಕನ ಹೆಸರಿದೆ, ಬಣ್ಣದ ಹೆಸರೂ ಇದೆ. ಸಾವಿರ ಗಂಟೆ ಬಗ್ಗಿ ದುಡಿದವನ ಹೆಸರಿಲ್ಲ. ಹೆಸರಿದ್ದಲ್ಲಿ ಹೊಣೆಯಿರುತ್ತದೆ, ಕೇಳುವುದಕ್ಕೊಂದು ಬಾಗಿಲಿರುತ್ತದೆ. ಹೆಸರಿಲ್ಲದವನ ಕೂಲಿಯನ್ನು ಕದಿಯುವುದು ಸುಲಭ. ಅವನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಮೇಲೆ ಬಣ್ಣ ಬಳಿಯುವುದೂ ಸುಲಭ.

ನಾವು ವಾಸಿಸುವ ಮುಂಬಯಿಗೂ ಅಮೆರಿಕದ ಕಾರುಗಳಿಗೂ ಹಳೆಯ ಪರಿಚಯವುಂಟು. ಜನರಲ್ ಮೋಟಾರ್ಸ್ ಸಂಸ್ಥೆಯವರು 1928ರಲ್ಲಿ ಇಲ್ಲಿಯ ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆದಿದ್ದರು. 1954ರಲ್ಲಿ ಅದನ್ನು ಮುಚ್ಚಿದರು. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯ ಕುರ್ಲಾ ಕಾರ್ಖಾನೆಯಲ್ಲಿ ಕ್ರೈಸ್ಲರ್ ಬಳಗದ ಡಾಡ್ಜ್ ಪ್ಲಿಮತ್ ಕಾರುಗಳು ತಯಾರಾದವು. ಆಮದಿನ ಬಾಗಿಲು ಬಿಗಿಯಾದ ಮೇಲೆ ಅಂಥ ಗಾಡಿಗಳನ್ನು ದಶಕಗಳ ಕಾಲ ರಸ್ತೆಯ ಮೇಲೆ ಉಳಿಸಿದುದು ನಗರದ ಸಣ್ಣಪುಟ್ಟ ಗ್ಯಾರೇಜುಗಳ ಕೈಗಳು. ಸಿಕ್ಕದ ಭಾಗವನ್ನು ತಾವೇ ಬಡಿದು, ಕೊರೆದು, ಅರೆದು ಮಾಡಿಕೊಂಡ ಆ ಕೆಲಸಗಾರರು ನಮ್ಮ ಹೊಟೇಲುಗಳಲ್ಲಿಯೇ ಚಹ ಕುಡಿದವರು. ಅವರ ಹೆಸರುಗಳೂ ಎಲ್ಲಿಯೂ ಉಳಿದಿಲ್ಲ.

ನಮ್ಮ ದೇಶದಲ್ಲಿಯೂ ಹಳೆಯ ಗಾಡಿಗಳಿಗೆ ಈಗ ಪ್ರತ್ಯೇಕ ನಿಯಮವಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಐವತ್ತು ವರ್ಷಗಳಿಗೆ ಮೀರಿದ, ಮೂಲ ಸ್ವರೂಪದಲ್ಲಿಯೇ ಕಾಪಾಡಿಕೊಂಡು ಬಂದ, ಚೌಕಟ್ಟು ಮೈ ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಿಲ್ಲದ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವನ್ನು ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ರಿಪೇರಿಗಳಿಗಷ್ಟೇ ರಸ್ತೆಗಿಳಿಸಬಹುದು. ಇದು ಸ್ವಾಗತಾರ್ಹವಾದ ಕ್ರಮ. ಇಂಥ ಗಾಡಿಗಳ ಕೊಡುಕೊಳ್ಳುವಿಕೆ ಇಲ್ಲಿಯೂ ಬೆಳೆಯುವ ಮುನ್ನವೇ ಕೆಲಸದ ಪುಸ್ತಕವನ್ನು ಕೇಳುವ ರೂಢಿಯೂ ಬೆಳೆಯಲಿ ಎಂಬುದು ನಮ್ಮ ಸೂಚನೆ. ಮೂಲ ಸ್ವರೂಪವೆಂದು ಬಾಯಲ್ಲಿ ಹೇಳಿದರೆ ಸಾಲದು. ಅದಕ್ಕೆ ಸಾಕ್ಷಿ ಬೇಕು.

ಇದಕ್ಕೆ ಆಕ್ಷೇಪಗಳು ಬಾರದಿರಲಾರವು. ಹಣವಂತರು ಆಟಿಕೆ ಕೊಂಡು ಮೋಸ ಹೋದರೆ ದುಡಿಯುವವರ ಪತ್ರಿಕೆಗೇನು ಸಂಕಟವೆಂದು ಕೆಲವರು ಕೇಳಬಹುದು. ಮೋಸದ ಕಾರಿನ ಬೆಲೆಯಲ್ಲಿ ಮೊದಲು ಕಡಿತವಾಗುವುದು ದುಡಿಯುವವನ ಪಾಲೇ ಎಂಬುದು ನಮ್ಮ ಉತ್ತರ. ಸರಿಯಾದ ಕೆಲಸಕ್ಕೆ ಸಾವಿರ ಗಂಟೆಯೆಂದು ಗಿರಾಕಿಗೆ ತಿಳಿದಿದ್ದರೆ ಸಾವಿರ ಗಂಟೆಯ ಕೂಲಿ ದೊರೆಯುತ್ತದೆ. ಬಣ್ಣವೊಂದೇ ಸಾಕೆಂದು ಗಿರಾಕಿ ತೃಪ್ತನಾದರೆ ಬಣ್ಣ ಬಳಿಯುವವನಿಗಷ್ಟೇ ಕೆಲಸ, ಬೆಸುಗೆಯವನಿಗೆ ಮನೆ. ಕಣ್ಣು ತೆರೆದ ಗಿರಾಕಿ ಒಳ್ಳೆಯ ಕೆಲಸಗಾರನ ಅನ್ನದಾತ. ಇಡ್ಲಿಯ ಹಿಟ್ಟನ್ನು ನಾಲಗೆಯಲ್ಲಿಯೇ ಗುರುತಿಸುವ ಗಿರಾಕಿಗಳಿದ್ದುದರಿಂದ ತಾನೇ ನಮ್ಮ ಭಟ್ಟರಿಗೆ ಬೆಲೆ!

ಹಳೆಯದನ್ನು ಹಾಗೆಯೇ ಇರಗೊಡುವುದು ಲೇಸು, ಪುನರುದ್ಧಾರವೇ ಬೇಡವೆಂದು ಹೇಳುವ ರಸಿಕರೂ ಇದ್ದಾರೆ. ಮೂಲ ಬಣ್ಣ ಮಾಸಿದರೂ ಮೂಲವೇ, ಅದು ಒಮ್ಮೆ ಮಾತ್ರ ಇರತಕ್ಕದ್ದು ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಅಭಿಮಾನಿಗಳ ಕೂಟಗಳಲ್ಲಿ ಮುಟ್ಟದೆ ಉಳಿಸಿದ ಗಾಡಿಗಳಿಗೆ ಬೇರೆಯೇ ಆದ ಮನ್ನಣೆಯಿದೆ. ಆದರೆ ಹೊಸ್ತಿಲು ಕೊಳೆತ ಗಾಡಿಯನ್ನು ಮುಟ್ಟದೆ ಉಳಿಸುವುದೆಂದರೆ ಅದನ್ನು ಕೊಲ್ಲುವುದೇ ಆಗುತ್ತದೆ. ಬೇಕಾದಲ್ಲಿ ಕೈಯಿಡಬೇಕು, ಬೇಡವಾದಲ್ಲಿ ಕೈ ತಡೆಯಬೇಕು, ಎರಡನ್ನೂ ಬರೆದಿಡಬೇಕು. ಬಾಗಿಲು ನೆಟ್ಟಗೆ ಕೂಡುವ, ಮಳೆಯಲ್ಲಿ ಸೋರದ, ಬ್ರೇಕು ಹಿಡಿಯುವ ಹಳೆಯ ಕಾರೊಂದು ಛಾವಣಿಯಿಳಿಸಿ ಬಿಸಿಲಿನಲ್ಲಿ ಓಡುವುದು ಯಾರ ಕಣ್ಣಿಗಾದರೂ ಹಬ್ಬವೇ. ಆ ಸಂತೋಷವನ್ನು ನಾವು ಹಳಿಯುವವರಲ್ಲ.

ಈಗ ನಮ್ಮ ಮಿತ್ರರ ಪ್ರಶ್ನೆಗೆ ಉತ್ತರ ಹೇಳುತ್ತೇವೆ. ಆ ಕೆಂಪು ಮಸ್ಟಾಂಗಿಗೆ ಕೇಳಿದ ಬೆಲೆ ನ್ಯಾಯವಾದುದೋ ಅಲ್ಲವೋ ಎಂಬುದನ್ನು ಆ ಜಾಹೀರಾತಿನಿಂದ ತಿಳಿಯುವುದು ಸಾಧ್ಯವಿಲ್ಲ. ಅದರಲ್ಲಿ ಬಣ್ಣದ ವರ್ಣನೆ ಏಳು ಸಾಲಿದೆ. ಹೊಸ್ತಿಲಿನ ಮಾತು ಒಂದೂ ಇಲ್ಲ. ಕೆಲಸದ ಲೆಕ್ಕವಿದ್ದರೆ ಆ ಬೆಲೆ ಕಡಮೆಯೇ ಇದ್ದೀತು. ಇಲ್ಲದಿದ್ದರೆ ಅದರ ಅರ್ಧವೂ ಹೆಚ್ಚು.

ನಮ್ಮ ವಾಚಕರು ಅಮೆರಿಕದ ಕಾರನ್ನು ಕೊಳ್ಳುವ ಸಂದರ್ಭ ಬರುವುದು ವಿರಳ. ಆದರೆ ಎರಡನೆಯ ಕೈಯ ಸ್ಕೂಟರು, ಉಪನಗರದ ಹಳೆಯ ಖೋಲಿ, ಶೀತಲಪೆಟ್ಟಿಗೆ, ಕೊನೆಗೆ ಜೀವಮಾನದ ಉಳಿತಾಯವನ್ನೆಲ್ಲ ಸುರಿದು ವಹಿಸಿಕೊಳ್ಳುವ ಚಿಕ್ಕದೊಂದು ಹೊಟೇಲು, ಇವೆಲ್ಲವೂ ಇದೇ ಶಬ್ದವನ್ನು ಹಣೆಗೆ ಹಚ್ಚಿಕೊಂಡು ನಿಮ್ಮ ಮುಂದೆ ಬರುತ್ತವೆ. ಆಗ ಯಜಮಾನನೊಡನೆ ಮಾತನಾಡುವ ಮೊದಲು ಹಿಂಬಾಗಿಲಿನಿಂದ ಒಳಗೆ ಹೋಗಿರಿ. ಅಲ್ಲಿ ಪಾತ್ರೆ ತೊಳೆಯುವವರೋ, ಗಾರೆಯವರೋ, ಗ್ಯಾರೇಜಿನ ಹುಡುಗನೋ ಇರುತ್ತಾರೆ. ಅವರೊಡನೆ ಒಂದು ಕಪ್ಪು ಚಹ ಕುಡಿದು, ಒಳಗೆ ಏನಿದೆಯೆಂದು ಕೇಳಿರಿ. ನಾವು ಕೇಳದೆ ಹತ್ತೊಂಬತ್ತು ದಿನ ಹನ್ನೊಂದು ಮಂದಿಯ ಒಲೆಯನ್ನು ಆರಿಸಿದೆವು. ನಮ್ಮವರಲ್ಲಿ ಇನ್ನೊಬ್ಬರಿಗೆ ಹಾಗಾಗುವುದು ಬೇಡ.